ಅಧ್ಯಕ್ಷರು ಎದ್ದರೆ ತಮಟೆ

ಕೆಲವು ಊರುಗಳಲ್ಲಿ ಮಳೆ ಹೆಚ್ಚು, ಕೆಲವು ಊರುಗಳಲ್ಲಿ ಸೊಳ್ಳೆ ಹೆಚ್ಚು. ನಾನು ಪಾಠ ಹೇಳಿದ ಊರಿನಲ್ಲಿ ಅಧ್ಯಕ್ಷರು ಹೆಚ್ಚು.

ಅದು ಪಿರಿಯಾಪಟ್ಟಣ ತಾಲ್ಲೂಕು, ಹಾರನಹಳ್ಳಿ ಹೋಬಳಿಯ ಒಂದು ಊರು. ತೊಂಬತ್ತರ ದಶಕದ ಕೊನೆ. ನಾನು ಧಾರವಾಡದ ಕಡೆಯವಳು, ವರ್ಗವಾಗಿ ಅಲ್ಲಿಯ ಹೈಸ್ಕೂಲಿಗೆ ಬಂದು ಬಿದ್ದಿದ್ದೆ. ಬಂದ ಹೊಸದರಲ್ಲೇ ಒಂದು ಸಂಗತಿ ತಿಳಿಯಿತು. ಅಲ್ಲಿಯ ಗ್ರಾಮ ಪಂಚಾಯ್ತಿ ಸದಸ್ಯರು ಅಧ್ಯಕ್ಷಗಿರಿಯನ್ನು ಹಬ್ಬದ ಒಬ್ಬಟ್ಟು ಹಂಚಿಕೊಂಡಂತೆ ಹಂಚಿಕೊಂಡಿದ್ದರು. ಮಾದಪ್ಪನ ಗುಡಿಯಲ್ಲಿ ಕರ್ಪೂರ ಹಚ್ಚಿ, ಆಣೆ ಮಾಡಿ ಆದ ಒಪ್ಪಂದ. ಒಬ್ಬರು ಕೆಲವು ತಿಂಗಳು ಕೂತು, ರಾಜೀನಾಮೆ ಕೊಟ್ಟು, ಮುಂದಿನವರಿಗೆ ಕುರ್ಚಿ ಬಿಡಬೇಕು. ಕಾನೂನಿನಲ್ಲಿ ಇದಕ್ಕೆ ಜಾಗ ಇತ್ತೋ ಇಲ್ಲವೋ ಗೊತ್ತಿಲ್ಲ, ಮಾದಪ್ಪನ ಒಪ್ಪಿಗೆಯಂತೂ ಇತ್ತು.

ಅಧಿಕಾರ ನಾಲ್ಕು ದಿನದ್ದಾದರೂ ವೈಭವದಲ್ಲಿ ಯಾರೂ ಒಂದು ಗುಲಗಂಜಿ ಕಡಿಮೆ ಮಾಡುತ್ತಿರಲಿಲ್ಲ. ಪ್ರತಿಯೊಬ್ಬರಿಗೂ ಪ್ರತ್ಯೇಕ ಪದಗ್ರಹಣ, ಪ್ರತ್ಯೇಕ ಮೆರವಣಿಗೆ, ಪ್ರತ್ಯೇಕ ಪಟಾಕಿ. ಹಳಬರ ಚಪ್ಪರ ಬಿಚ್ಚುವುದರೊಳಗೆ ಹೊಸಬರ ಚಪ್ಪರಕ್ಕೆ ಗಳ ಬಂದು ಬೀಳುತ್ತಿತ್ತು. ಊರಿನಲ್ಲಿ ಮಟ್ಟಸವಾದ ಜಾಗ ಎಂದರೆ ನಮ್ಮ ಶಾಲೆಯ ಮೈದಾನ ಒಂದೇ, ಆದ್ದರಿಂದ ಎಲ್ಲವೂ ನಮ್ಮ ತಲೆಯ ಮೇಲೆಯೇ ನಡೆಯುತ್ತಿತ್ತು.

ಆ ಶಾಲೆಯಲ್ಲಿ ಎಲ್ಲ ಇತ್ತು, ಹೆಣ್ಣುಮಕ್ಕಳಿಗೆ ಒಂದು ಕಕ್ಕಸು ಇರಲಿಲ್ಲ. ಗಂಡುಹುಡುಗರಿಗೆ ಇಡೀ ಜಗತ್ತೇ ಇತ್ತು. ಹುಡುಗಿಯರಿಗೆ ಇದ್ದದ್ದು ಶಾಲೆಯ ಹಿಂದಿನ ಲಂಟಾನ ಪೊದೆ, ಅದರ ಆಚೆ ಹೊಗೆಸೊಪ್ಪಿನ ಹೊಲಕ್ಕೆ ಹೋಗುವ ದಾರಿ. ಒಬ್ಬಳು ಹೋದರೆ ಇಬ್ಬರು ಕಾವಲು. ಆ ರಗಳೆಯೇ ಬೇಡವೆಂದು ಮಕ್ಕಳು ಬೆಳಿಗ್ಗೆ ಮನೆ ಬಿಟ್ಟರೆ ಸಂಜೆ ಮನೆ ಸೇರುವ ತನಕ ಒಂದು ಗುಟುಕು ನೀರು ಕುಡಿಯುತ್ತಿರಲಿಲ್ಲ. ನಾನೂ ಕುಡಿಯುತ್ತಿರಲಿಲ್ಲ. ಯಾವಳಾದರೂ ಹೊಟ್ಟೆನೋವೆಂದು ಬೆಂಚಿನ ಮೇಲೆ ತಲೆಯಿಟ್ಟರೆ ಏಕೆಂದು ಕೇಳುವ ಅಗತ್ಯವಿರಲಿಲ್ಲ. ಬಂದ ಅಧ್ಯಕ್ಷರನ್ನೆಲ್ಲ ಇದೊಂದನ್ನೇ ಕೇಳಬೇಕು ಎಂದು ತೀರ್ಮಾನ ಮಾಡಿದೆ. ಅಧ್ಯಕ್ಷರಿಗೇನು ಬರವೇ.

ಪೂರ್ಣಕುಂಭ

ನಾನು ನೋಡಿದ ಮೊದಲನೇ ಅಧ್ಯಕ್ಷರ ಪದಗ್ರಹಣದ ಹಿಂದಿನ ದಿನ ಹೆಡ್ಮಾಸ್ಟರು ನನ್ನನ್ನು ಕರೆದು, "ಮೇಡಂ, ಪೂರ್ಣಕುಂಭ ನಿಮ್ಮ ಜವಾಬ್ದಾರಿ" ಎಂದರು.

"ನಾ ಇಂಗ್ಲಿಷ್ ಕಲಿಸೋಕಿ. ಇಂಗ್ಲಿಷಿಗೂ ಕುಂಭಕ್ಕೂ ಏನ್ರಿ ಸರ ಸಂಬಂಧ?" ಎಂದೆ.

"ನೀವು ಹೆಂಗಸ್ರು" ಎಂದರು. ಆ ಶಾಲೆಯಲ್ಲಿ ಆ ಅರ್ಹತೆ ಇದ್ದದ್ದು ನನ್ನೊಬ್ಬಳಿಗೇ.

ಮಾರನೆಯ ದಿನ ಹುಡುಗಿಯರು ಅಮ್ಮಂದಿರ ರೇಷ್ಮೆ ಸೀರೆ ಉಟ್ಟು, ತಲೆಯ ಮೇಲೆ ನೀರು ತುಂಬಿದ ಕಳಶ ಹೊತ್ತು ಊರಬಾಗಿಲಲ್ಲಿ ಸಾಲಾಗಿ ನಿಂತರು. ಎಂಟು ಗಂಟೆಗೆ ಅಧ್ಯಕ್ಷರು ಬರಬೇಕಿತ್ತು. ಆಗ ರಾಹುಕಾಲವಂತೆ. ಅದು ಕಳೆದ ಮೇಲೆ ಯಮಗಂಡ ಕಾಲ ಬಂತು. ಯಮಗಂಡವೂ ಕಳೆದ ಮೇಲೆ ತಿಳಿದದ್ದು, ಅಧ್ಯಕ್ಷರು ಹಾರನಹಳ್ಳಿಯಲ್ಲೇ ಕಾರು ನಿಲ್ಲಿಸಿಕೊಂಡು ಕೂತಿದ್ದಾರೆ, ಹಿಂದೆ ಬರಲು ಜನ ಸಾಲದೆಂದು ಮುಂದಿನ ಬಸ್ಸಿಗೆ ಕಾಯುತ್ತಿದ್ದಾರೆ ಎಂದು. ಅಧ್ಯಕ್ಷರ ಮನೆಯಿದ್ದದ್ದು ನಮ್ಮ ಊರಿನಲ್ಲೇ, ಶಾಲೆಯ ಎದುರಿಗೆ. ಊರಿಗೆ ಸ್ವಾಗತ ಮಾಡಬೇಕಾದರೆ ಊರಾಚೆಯಿಂದ ಬರಬೇಕಲ್ಲ, ಅದಕ್ಕಾಗಿ ಬೆಳಗ್ಗೆಯೇ ಎದ್ದು ಊರು ಬಿಟ್ಟು ಹೋಗಿದ್ದರು.

ಬಿಸಿಲು ನೆತ್ತಿಗೆ ಬಂತು. ಎಂಟನೇ ಕ್ಲಾಸಿನ ಒಂದು ಹುಡುಗಿ, ಸಾಲಿನಲ್ಲೇ ಅತ್ಯಂತ ಸಣ್ಣವಳು, ತೂರಾಡತೊಡಗಿದಳು. ನಾನು ಓಡಿಹೋಗಿ ಹಿಡಿದುಕೊಂಡು, "ತೆಂಗಿನಕಾಯಿ ತಗದು ಆ ಕೊಡದಾಗಿನ ನೀರೇ ಒಂದ್ ಗುಟುಕು ಕುಡಿಯವಾ" ಎಂದೆ.

ಅವಳು ತುಟಿ ಒರೆಸಿಕೊಂಡು, "ಬ್ಯಾಡ ಮಿಸ್. ಕುಡುದ್ರೆ ಆಮೇಕೆ ಓಗ್ಬೇಕಾಯ್ತದೆ" ಎಂದಳು.

ತಲೆಯ ಮೇಲೆ ತುಂಬಿದ ಕೊಡ, ಕೆಳಗೆ ಒಣಗಿದ ಬಾಯಿ. ಆ ಮಾತು ಕೇಳಿ ನನಗೆ ಸಿಟ್ಟು ಬಂತೋ ಅಳು ಬಂತೋ, ಎರಡೂ ಬಂತು. ಕೊನೆಗೂ ಅಧ್ಯಕ್ಷರ ಕಾರು ಬಂದು, ಅವರು ಇಳಿದು, ಆರತಿ ಮುಗಿಯುತ್ತಿದ್ದಂತೆ ನಾನು ನೇರವಾಗಿ ಎದುರಿಗೆ ಹೋಗಿ ನಿಂತು ಕಕ್ಕಸಿನ ವಿಷಯ ಎತ್ತಿದೆ.

ಅವರು ಎರಡೂ ಕಿವಿ ಮುಚ್ಚಿಕೊಂಡು, "ಬುಡ್ತು ಅನ್ನಿ ಮೇಡಮ್ಮೋರೇ. ಇವತ್ತು ಒಳ್ಳೆ ದಿನ. ಇಂತಾ ದಿನ್ದಲ್ಲಿ ಆ ಮಾತೆಲ್ಲ ಎತ್ಬಾರ್ದು. ನಾಳಿಕೆ ಆಪೀಸ್ತಾವ ಬನ್ನಿ, ಮಾತಾಡವ" ಎಂದರು.

ಮಾರನೆಯ ದಿನ ಹೋದೆ. ಪಂಚಾಯ್ತಿಯ ಅಟೆಂಡರು, "ಅಧ್ಯಕ್ಷ್ರಿಲ್ಲ ಮೇಡಮ್ಮೋರೇ. ಅವ್ರ ಬಾಮೈದನ್ ಊರಲ್ಲಿ ಸನ್ಮಾನ ಮಡಗವ್ರೆ" ಎಂದ. ಮುಂದಿನ ವಾರ ಹೋದೆ, ಹುಣಸೂರಿನಲ್ಲಿ ಸನ್ಮಾನ. ಅದರ ಮುಂದಿನ ವಾರ ಕೆ.ಆರ್. ನಗರದಲ್ಲಿ ಹೆಣ್ಣು ಕೊಟ್ಟವರ ಸನ್ಮಾನ, ಆಮೇಲೆ ಎಚ್.ಡಿ. ಕೋಟೆಯಲ್ಲಿ ಹೆಣ್ಣು ತಂದವರ ಸನ್ಮಾನ. ಆ ಮನುಷ್ಯ ಮಾಡಿದ್ದಕ್ಕೆ ಸನ್ಮಾನವಾದರೆ ಒಂದು ಸಲ ಸಾಕಿತ್ತು. ಏನೂ ಮಾಡದಿದ್ದುದಕ್ಕೆ ಆಗುತ್ತಿದ್ದುದರಿಂದ ಮುಗಿಯುವ ಲಕ್ಷಣವೇ ಕಾಣಲಿಲ್ಲ.

ಬೇಸತ್ತು, "ಹಂಗಾದ್ರ ಅವರು ಈ ಆಫೀಸಿನಾಗ ಯಾವಾಗ ಸಿಗ್ತಾರಪ್ಪಾ?" ಎಂದು ಅಟೆಂಡರನನ್ನು ಕೇಳಿದೆ.

ಅವನು ಯೋಚನೆ ಮಾಡಿ ಹೇಳಿದ: "ರಾಜೀನಾಮೆ ಕೊಡಕ್ಕೆ ಬಂದೇ ಬತ್ತಾರಲ್ಲ, ಆವತ್ತು ಗ್ಯಾರಂಟಿ ಸಿಗ್ತಾರೆ."

ಪೇಟ

ಎರಡನೆಯವರು ಒಳ್ಳೆಯ ಮನುಷ್ಯ. ಜಗುಲಿ ಕಂಡಲ್ಲಿ ಕೂತು, ಎದುರಿಗೆ ಬಂದವರನ್ನು ಮಾತಾಡಿಸಿ, ಹಿರಿಯರು ಕಂಡರೆ ಕಾಲು ಮುಟ್ಟುವ ಜಾತಿ. ಇವರಿಂದ ಕೆಲಸವಾಗುತ್ತದೆ ಎಂದು ನನಗೆ ನಂಬಿಕೆ ಹುಟ್ಟಿತ್ತು. ಪೇಟ ಬಂದು ಅದನ್ನು ಕೆಡಿಸಿತು.

ಆ ಸೀಮೆಯಲ್ಲಿ ಮೈಸೂರು ಪೇಟ ತೊಡಿಸದೆ ಯಾರನ್ನೂ ದೊಡ್ಡವರು ಮಾಡುವ ಹಾಗಿಲ್ಲ. ಜರಿ ಪೇಟವನ್ನು ಸುತ್ತಿ ಹೊಲಿದು ಟೋಪಿಯ ಹಾಗೆ ಸಿದ್ಧಮಾಡಿ ಹುಣಸೂರಿನ ಅಂಗಡಿಯಲ್ಲಿ ಮಾರುತ್ತಿದ್ದರು. ತರಲು ಹೋದವನು ಅಧ್ಯಕ್ಷರ ಜೀವದ ಗೆಳೆಯ. ಅಂಗಡಿಯವನು ಅಳತೆ ಕೇಳಿದಾಗ ಇವನು ತನ್ನ ತಲೆಯನ್ನೇ ಮುಂದೆ ಮಾಡಿದ್ದಾನೆ. ಅವನದು ನಿಂಬೆಹಣ್ಣಿನಂಥ ತಲೆ, ಅಧ್ಯಕ್ಷರದು ಸೋರೆಬುರುಡೆ.

ವೇದಿಕೆಯ ಮೇಲೆ ಶಾಸಕರು ಪೇಟ ತೊಡಿಸಿದರು. ಅದು ಇಳಿಯಲಿಲ್ಲ. ಹಂಡೆಯ ಮೇಲೆ ಚೊಂಬು ಇಟ್ಟಂತೆ ಮೇಲೆ ಕೂತುಕೊಂಡಿತು. ಶಾಸಕರು ತೊಡಿಸಿದ ಪೇಟ ತೆಗೆದರೆ ಅವರಿಗೆ ಅವಮಾನ, ಬೀಳಿಸಿದರೆ ಅಪಶಕುನ. ಅಧ್ಯಕ್ಷರು ಕತ್ತನ್ನು ಕೋಲಿನ ಹಾಗೆ ನೆಟ್ಟಗೆ ಮಾಡಿ ಕೂತರು. ಆಮೇಲೆ ಊರೊಳಗಿನ ಮೆರವಣಿಗೆಯಲ್ಲೂ ಹಾಗೆಯೇ ನಡೆದರು. ಯಾರಿಗೂ ಬಗ್ಗಲಿಲ್ಲ, ಯಾರ ಕಡೆಗೂ ತಿರುಗಲಿಲ್ಲ, ಕಣ್ಣುಗುಡ್ಡೆ ಮಾತ್ರ ಎಡಕ್ಕೂ ಬಲಕ್ಕೂ ಓಡಾಡುತ್ತಿತ್ತು.

ನನ್ನ ಪಕ್ಕದಲ್ಲಿದ್ದ ಹೆಂಗಸು, "ನೋಡ್ದಾ ಗತ್ತಾ? ನೆನ್ನೆಗಂಟ ನಮ್ಮಟ್ಟಿ ಜಗುಲೀಲಿ ಬೀಡಿ ಸೇದ್ಕಂಡು ಕುಂತಿರೋನು. ಇವತ್ತು ಕತ್ತೇ ತಿರುಗಾಕಿಲ್ಲ" ಎಂದಳು.

ಮಾರಿಗುಡಿಯ ಮುಂದೆ ಅವರ ಸ್ವಂತ ದೊಡ್ಡಪ್ಪ ನಿಂತಿದ್ದರು. ಅವರೂ ಪಂಚಾಯ್ತಿ ಸದಸ್ಯರೇ. ತಮ್ಮನ ಮಗ ಬಂದು ಕಾಲಿಗೆ ಬೀಳುತ್ತಾನೆಂದು ಪಂಚೆ ಸರಿಮಾಡಿಕೊಂಡು, ಚಪ್ಪಲಿ ಬಿಟ್ಟು, ಆಶೀರ್ವಾದಕ್ಕೆ ಕೈಯನ್ನು ಅರ್ಧ ಎತ್ತಿಕೊಂಡೇ ನಿಂತಿದ್ದರು. ಅಧ್ಯಕ್ಷರು ದೊಡ್ಡಪ್ಪನನ್ನು ಕಣ್ಣಿನಲ್ಲೇ ಒಂದು ಸಲ ನೋಡಿ ಮುಂದೆ ಹೋದರು. ದೊಡ್ಡಪ್ಪ ಎತ್ತಿದ ಕೈಯಿಂದ ಮೀಸೆ ಸವರಿಕೊಂಡು, "ಆಗ್ಲಿ ಬುಡು. ಕಾಲಿಗ್ ಬೀಳೋದ್ ಅತ್ಲಾಗಿರ್ಲಿ, ತಲೇನೂ ಬಗ್ಗಿಸ್ನಿಲ್ಲ ನನ್ಮಗ" ಎಂದರು.

ಮೆರವಣಿಗೆ ಶಾಲೆಗೆ ಮರಳಿದಾಗ ನಾನು ಹತ್ತಿರ ಹೋಗಿ ನನ್ನ ಹಳೆಯ ಪಾಠ ಒಪ್ಪಿಸಿದೆ. "ಹುಡುಗ್ಯಾರಿಗೆ ಭಾಳ ತ್ರಾಸ ಐತ್ರಿ. ನಿಮ್ಮ ಕಾಲದಾಗರೆ ಒಂದ್ ಕಟ್ಟಿಸಿಕೊಡ್ರಿ" ಎಂದೆ. ಅವರು ದೂರದ ಬೆಟ್ಟವನ್ನೇ ನೋಡುತ್ತ ಕಲ್ಲಿನ ಹಾಗೆ ಕೂತಿದ್ದರು. ಹೂಂ ಎಂದರೋ ಊಹೂಂ ಎಂದರೋ ತಿಳಿಯಲಿಲ್ಲ. ಎರಡಕ್ಕೂ ತಲೆ ಆಡಿಸಬೇಕಾಗುತ್ತದೆ.

ದೊಡ್ಡಪ್ಪ ಅಂದು ಸಂಜೆಯೇ ಉಳಿದ ಸದಸ್ಯರನ್ನು ತಮ್ಮ ಹೊಗೆಸೊಪ್ಪು ಹದ ಮಾಡುವ ಬ್ಯಾರನ್ ಮನೆಯ ಹತ್ತಿರ ಊಟಕ್ಕೆ ಕರೆದರು. ಊಟದಲ್ಲಿ ನಾಟಿಕೋಳಿ ಇತ್ತಂತೆ, ಮಾತಿನಲ್ಲಿ ಅವಿಶ್ವಾಸ. ಅಧ್ಯಕ್ಷರ ಮನೆಯ ಮುಂದೆ ಕಟ್ಟಿದ್ದ ಬಾಳೆಕಂದಿನ ಎಲೆ ಹಳದಿಯಾಗುವ ಹೊತ್ತಿಗೆ ಎಲ್ಲ ಮುಗಿದಿತ್ತು. ಇಡೀ ದಿನ ಕಾಪಾಡಿಕೊಂಡ ಪೇಟ ಕೊನೆಗೂ ಬೀಳಲಿಲ್ಲ, ಅಧ್ಯಕ್ಷರು ಬಿದ್ದರು.

ಆನೆ

ಬೀಳಿಸಿದವರೇ ಮುಂದಿನವರು. ದೊಡ್ಡಪ್ಪ ಅಧ್ಯಕ್ಷರಾದರು. ತಮ್ಮನ ಮಗ ನಡೆದು ಬಂದಿದ್ದರೆ ತಾವು ಆನೆಯ ಮೇಲೆ ಬರಬೇಕೆಂದು ಅವರ ಹಟ. ಅವರ ಕಡೆಯ ನಾಲ್ವರು ಜೀಪು ಮಾಡಿಕೊಂಡು ಕಾಡಂಚಿನ ವೀರನಹೊಸಹಳ್ಳಿಗೆ ಹೋಗಿ ಅರಣ್ಯ ಇಲಾಖೆಯವರನ್ನು ಕೇಳಿದರಂತೆ. ಅಲ್ಲಿದ್ದ ಸಾಹೇಬರು, "ನಮ್ಮಲ್ಲಿ ಆನೆ ಬಾಡಿಗೆಗೆ ಕೊಡುವುದಿಲ್ಲ. ಬಿಟ್ಟಿಯಾಗಿ ಬೇಕಾದರೆ ಕಬ್ಬು ಹಾಕಿ ನೋಡಿ, ಕರೆಯದೇ ಬರುತ್ತೆ" ಎಂದು ಕಳಿಸಿದರಂತೆ.

ನಾಲ್ವರೂ ಬರಿಗೈಯಲ್ಲಿ ಬರುವ ಜನವಲ್ಲ. ಕೆ.ಆರ್. ನಗರಕ್ಕೆ ಹೋದರು. ಅಲ್ಲಿ ಪೌರಾಣಿಕ ನಾಟಕಗಳಿಗೆ ಸೀನರಿ, ಕಿರೀಟ, ಸಿಂಹಾಸನ ಬಾಡಿಗೆಗೆ ಕೊಡುವ ಒಬ್ಬರ ಹತ್ತಿರ ಐರಾವತ ಸಿಕ್ಕಿತು. ಪ್ಲೈವುಡ್ಡಿನದು, ಬಿಳಿ ಬಣ್ಣ, ನಿಜವಾದ ಆನೆಗಿಂತ ಒಂದು ಕೈ ಎತ್ತರ, ದಂತಕ್ಕೆ ಸಿಲ್ವರ್ ಪೇಂಟು. ಅದನ್ನು ಟ್ರಾಕ್ಟರಿನ ಟ್ರೈಲರಿಗೆ ಬಿಗಿದು, ಹಿಂದುಗಡೆ ಏಣಿಯಿಟ್ಟು, ಮೇಲೊಂದು ಪ್ಲಾಸ್ಟಿಕ್ ಕುರ್ಚಿ ಕಟ್ಟಿ ಅಧ್ಯಕ್ಷರನ್ನು ಕೂರಿಸಿದರು.

ಊರಬಾಗಿಲಿಗೆ ಬಂದಾಗ ಪೇಚಾಟ ಶುರುವಾಯಿತು. ಅಲ್ಲಿ ಅವರದೇ ಹೆಸರು ಬರೆದ ಸ್ವಾಗತ ಕಮಾನು ನಿಂತಿತ್ತು. ಆನೆ ತಂದವರು ಬೇರೆ, ಕಮಾನು ಕಟ್ಟಿದವರು ಬೇರೆ, ಇಬ್ಬರಿಗೂ ಮಾತಿಲ್ಲ. ಆನೆಯ ಬೆನ್ನು ಕಮಾನಿಗೆ ಸರಿಯಾಗಿ ಬಂತು, ಅಧ್ಯಕ್ಷರು ಪೂರ್ತಿ ಮೇಲೆ ಉಳಿದರು.

"ಕಮಾನ್ ಬಿಚ್ರಲಾ" ಎಂದು ಆನೆಯವರು ಕೂಗಿದರು.

"ಎಂಎಲ್ಎ ಸಾಹೇಬ್ರ ಪಟ ಐತೆ ಅದ್ರಲ್ಲಿ, ಅದೆಂಗ್ ಬಿಚ್ಚೀರಿ? ಆನೆ ಇಳ್ಸಿ" ಎಂದು ಕಮಾನಿನವರು ಕೂಗಿದರು.

ಅಧ್ಯಕ್ಷರು ಮೇಲಿಂದಲೇ ಎರಡೂ ಕಡೆಯವರಿಗೂ ಕೈ ಮುಗಿಯುತ್ತಿದ್ದರು. ಕೆಳಗಿದ್ದ ಜನ ತಮಗೇ ಎಂದುಕೊಂಡು ಹೂವು ಎರಚಿದರು. ಕೊನೆಗೆ ಹಿರಿಯರು ಕೂತು ತೀರ್ಮಾನ ಮಾಡಿದರು. ಅಧ್ಯಕ್ಷರು ಏಣಿಯಿಂದ ಇಳಿದು ಕಮಾನಿನ ಕೆಳಗೆ ನಡೆದು ಬರುವುದು, ಆನೆ ಊರನ್ನು ಬಳಸಿ ಹೊಲದ ದಾರಿಯಲ್ಲಿ ಶಾಲೆಯ ಹಿಂದಕ್ಕೆ ಬಂದು ಅಧ್ಯಕ್ಷರನ್ನು ಕೂಡಿಕೊಳ್ಳುವುದು. ಅಧ್ಯಕ್ಷರು ನಡೆದು ಬಂದರು. ಆನೆ ಶಾಲೆಯ ಹಿಂದೆ ಹೊಸದಾಗಿ ಉತ್ತಿದ್ದ ಮಣ್ಣಿನಲ್ಲಿ ಚಕ್ರ ಹೂತುಕೊಂಡು ನಿಂತಿತು. ಟ್ರಾಕ್ಟರನ್ನು ಬಿಚ್ಚಿಕೊಂಡು ಹೋದರು, ಐರಾವತ ಅಲ್ಲೇ ಉಳಿಯಿತು.

ಉಳಿದದ್ದು ಲಂಟಾನ ಪೊದೆಗೂ ಹೊಲದ ದಾರಿಗೂ ನಡುವೆ, ಗೋಡೆಯ ಹಾಗೆ ಅಡ್ಡಲಾಗಿ. ಮಾರನೆಯ ದಿನದಿಂದ ನಮ್ಮ ಹುಡುಗಿಯರು ಕಾವಲುಗಾರ್ತಿಯರಿಲ್ಲದೆ, ಹೆದರಿಕೆಯಿಲ್ಲದೆ ಆನೆಯ ಮರೆಗೆ ಹೋಗಿ ಬರತೊಡಗಿದರು. ಕ್ಲಾಸಿನಲ್ಲಿ ನೀರಿನ ಬಾಟಲಿಗಳು ಕಾಣಿಸಿಕೊಂಡವು. ಒಬ್ಬಳು ಕೈಯೆತ್ತಿ, "ಮಿಸ್, ಆನೆತಾವ ಓಗ್ಬತ್ತೀನಿ" ಎಂದು ಕೇಳುವುದು ಶಾಲೆಯ ರೂಢಿಯೇ ಆಯಿತು. ಕೆ.ಆರ್. ನಗರದಲ್ಲಿ ಮುಂದಿನ ನಾಟಕ ಬಂದು, ಸೀನರಿಯವರು ಬಂದು ಅದನ್ನು ಎಳೆದುಕೊಂಡು ಹೋಗುವ ತನಕ ಆ ಸುಖ ಇತ್ತು. ನಾನು ಕಂಡ ಅಷ್ಟೂ ಪದಗ್ರಹಣಗಳಲ್ಲಿ ಹೆಣ್ಣುಮಕ್ಕಳಿಗೆ ಉಪಕಾರ ಮಾಡಿದ್ದು ಅಲ್ಲಿಯ ತನಕ ಆ ಪ್ಲೈವುಡ್ ಆನೆ ಒಂದೇ.

ಶಾಲು

ಆನೆ ಹೋದ ಮೇಲೆ ಇದೇ ದೊಡ್ಡಪ್ಪನವರ ಮನೆಗೆ ಒಂದು ಬೆಳಿಗ್ಗೆ ಹೋದೆ. ಚಳಿ. ಕೊಟ್ಟಿಗೆಯಲ್ಲಿ ನಾಲ್ಕಾರು ಕರು ನಿಂತಿದ್ದವು, ಎಲ್ಲದರ ಬೆನ್ನಿನ ಮೇಲೂ ಜರಿ ಅಂಚಿನ ಶಾಲು. ನಮ್ಮ ಶಾಲೆಯ ವತಿಯಿಂದ ಹೊದಿಸಿದ್ದ ಶಾಲನ್ನು ನಾನು ಗುರುತು ಹಿಡಿದೆ. ಒಂದು ಸೀಮೆ ಕರು ಅದನ್ನು ಅಧ್ಯಕ್ಷರಿಗಿಂತ ಗಂಭೀರವಾಗಿ ಹೊದ್ದುಕೊಂಡಿತ್ತು.

ಅವರ ಹೆಂಡತಿ, "ಇವ್ರಿಗೆ ಒದ್ಕಂಡ್ರೆ ಮೈ ಕಡಿತದೆ ಕಣ್ ಮೇಡಮ್ಮೋರೇ. ಇವ್ಕಾದ್ರೆ ಬೆಚ್ಗಿರ್ತದೆ" ಎಂದು ನನಗೆ ಕಾಫಿ ಕೊಟ್ಟರು.

ಅಧ್ಯಕ್ಷರು ನನ್ನ ಮಾತನ್ನೆಲ್ಲ ಕೇಳಿ, "ಕಟ್ಸವ. ಮೊದ್ಲು ನಮ್ ಪಂಚಾಯ್ತಿ ಮುಂದೆ ಒಂದು ಪರ್ಮನೆಂಟ್ ಕಮಾನು ಆಗ್ಬೇಕು, ಎತ್ರವಾಗಿ" ಎಂದರು. ಅವರ ಮನಸ್ಸಿನಿಂದ ಆನೆ ಇನ್ನೂ ಇಳಿದಿರಲಿಲ್ಲ. ಆ ಪಂಚಾಯ್ತಿಯಲ್ಲಿ ಮಾನ ಮುಚ್ಚುವ ಸೌಲಭ್ಯ ಕರುಗಳ ತನಕವಾದರೂ ತಲುಪಿತ್ತಲ್ಲ ಎಂದು ಕಾಫಿ ಕುಡಿಯದೆ ಎದ್ದು ಬಂದೆ. ಕುಡಿದರೆ ಮತ್ತೆ ಶಾಲೆಯಲ್ಲಿ ಕಷ್ಟ.

ಅಧ್ಯಕ್ಷರು ಎದ್ದರೆ

ಆಮೇಲೆ ಅಧ್ಯಕ್ಷ ಸ್ಥಾನ ಮಹಿಳೆಗೆ ಮೀಸಲು ಎಂದು ಬಂತು. ಸದಸ್ಯರೆಲ್ಲ ಸೇರಿ, ಇರುವ ಹೆಂಗಸರಲ್ಲಿ ಯಾರು ಬಾಯೇ ಬಿಡುವುದಿಲ್ಲವೋ ಅವರನ್ನು ಹುಡುಕಿ ಆರಿಸಿದರು. ಈಕೆಗೆ ನಲವತ್ತರ ಒಳಗಿನ ವಯಸ್ಸು. ಹೊಗೆಸೊಪ್ಪು ಕಡ್ಡಿಗೆ ಕಟ್ಟುವುದರಲ್ಲಿ ಊರಿಗೇ ಮೊದಲು. ಮಾತಾಡುವುದು, ನಗುವುದು, ಹಾರ ಹಾಕಿಸಿಕೊಳ್ಳುವುದು ಇತ್ಯಾದಿ ಕೆಲಸಗಳನ್ನು ಆಕೆಯ ಪರವಾಗಿ ಗಂಡ ವಹಿಸಿಕೊಂಡಿದ್ದ. ಎರಡು ದಿನದಲ್ಲೇ ಊರವರು ಗಂಡನನ್ನು 'ಅಧ್ಯಕ್ಷ್ರೇ' ಎಂದೂ ಆಕೆಯನ್ನು 'ಅಧ್ಯಕ್ಷ್ರ ಮನೆಯೋರು' ಎಂದೂ ಕರೆಯತೊಡಗಿದರು.

ಪದಗ್ರಹಣದ ಏರ್ಪಾಡೆಲ್ಲ ಗಂಡನದೇ. ದೊಡ್ಡಪ್ಪನವರು ಕಮಾನಿನ ಕೆಳಗೆ ನಡೆದು ಬರುವಾಗ ತಮಟೆಯವರು ಆನೆಯ ಜೊತೆ ಹೊಲದ ದಾರಿಗೆ ಹೋಗಿಬಿಟ್ಟು, ಅಧ್ಯಕ್ಷರು ಹೆಣದ ಹಿಂದೆ ಬಂದವರ ಹಾಗೆ ಸುಮ್ಮನೆ ಬಂದಿದ್ದರು. ತನ್ನ ಮನೆಯವಳಿಗೆ ಹಾಗಾಗಬಾರದೆಂದು ಈತ ತಮಟೆ, ವಾಲಗ, ಪೂಜಾ ಕುಣಿತ, ನಂದಿಕಂಬ ಎಲ್ಲರನ್ನೂ ಬೆಳಿಗ್ಗೆಯೇ ನಿಲ್ಲಿಸಿಕೊಂಡು ಕಟ್ಟಪ್ಪಣೆ ಮಾಡಿದ: "ಇವತ್ತು ಯಾರೂ ಅತ್ಲಾಗ್ ಇತ್ಲಾಗ್ ಓಗಂಗಿಲ್ಲ. ಅಧ್ಯಕ್ಷ್ರು ಎದ್ರೆ ಬಡೀರಿ, ಕುಂತ್ರೆ ನಿಲ್ಸಿ. ಎತ್ಲಾಗ್ ನಡೀತಾರೋ ಅತ್ಲಾಗ್ ನೀವೂ ನಡೀರಿ. ಬಿಟ್ಟೋದ್ರೆ ಇನ್ನೊಂದು ಸಲಕ್ಕೆ ಕರ್ಯಾಕಿಲ್ಲ."

ಮೆರವಣಿಗೆ ಊರೆಲ್ಲ ಸುತ್ತಿತು. ಪ್ರತಿ ಮನೆಯ ಮುಂದೆಯೂ ಆರತಿ, ಹಾರ, ಒಂದು ಎಳನೀರು. ಹಾರ ಗಂಡನ ಕೊರಳಿಗೆ ಹೋಯಿತು, ಅದರೊಳಗಿನ ಇರುವೆ ಆಕೆಯ ಕೊರಳಿಗೆ ಬಂತು. ಎಳನೀರು ಮಾತ್ರ ಗಂಡ ಮುಟ್ಟಲಿಲ್ಲ, ಶೀತವಂತೆ. ಬೇಡವೆಂದರೆ ಆ ಮನೆಯವರಿಗೆ ಬೇಸರ, ಮುಂದೆ ವೋಟಿಗೆ ತೊಂದರೆ. ಆಕೆ ಪಾಪ ಎಲ್ಲರ ಮನೆಯದನ್ನೂ ಕುಡಿದರು. ಎಳನೀರು ಮುಗಿದ ಬೀದಿಯಲ್ಲಿ ಮಜ್ಜಿಗೆ, ಮಜ್ಜಿಗೆ ಮುಗಿದಲ್ಲಿ ಪಾನಕ.

ವೇದಿಕೆಗೆ ಬಂದು ಕೂತಾಗ ಹೊತ್ತು ತಿರುಗಿತ್ತು. ಗಂಡ ಮೈಕು ಹಿಡಿದ. ನಾನು ಹಾರದ ತಟ್ಟೆ ಹಿಡಿದು ಆಕೆಯ ಕುರ್ಚಿಯ ಹಿಂದೆ ನಿಂತಿದ್ದೆ. ಆಕೆ ಮೆಲ್ಲಗೆ ಕತ್ತು ತಿರುಗಿಸಿ, "ಅಕ್ಕಾ, ವಸಿ ಆಚಿಕ್ ಓಗ್ಬೇಕಲ್ಲ. ಎಲ್ಲದೆ?" ಎಂದರು.

"ಇಲ್ಲ" ಎಂದೆ.

"ಇಲ್ಲ ಅಂದ್ರೆ?"

"ಇಲ್ರೀ. ಇಲ್ಲವೇ ಇಲ್ಲ. ನಮ್ಮ ಹುಡುಗ್ಯಾರು ಸಾಲಿ ಹಿಂದ ಪೊದಿಗೆ ಹೋಗ್ತಾರ್ರೀ. ನಾನೂ ಅಲ್ಲಿಗೇ."

ಆಕೆ ಗಂಡುಮಕ್ಕಳ ತಾಯಿ, ಇಂಥ ವಿಚಾರ ಆಕೆಯ ಮನೆಗೆ ಬಂದೇ ಇರಲಿಲ್ಲ. "ಅಲ್ಲಿಗೇ ನಡೀರಿ ಅತ್ಲಾಗೆ, ತಡ್ಯಕಾಗಾಕಿಲ್ಲ" ಎಂದು ಎದ್ದರು.

ಎದ್ದರೋ ಇಲ್ಲವೋ, ತಮಟೆ ಸಿಡಿಲು ಬಡಿದಂತೆ ಬಡಿದುಕೊಂಡಿತು. ಆಕೆ ಬೆಚ್ಚಿ ಕೂತರು. ತಮಟೆ ನಿಂತಿತು. ಭಾಷಣ ಮಾಡುತ್ತಿದ್ದ ಗಂಡ ತನಗೇ ಗೌರವವೆಂದುಕೊಂಡು ಮುಂದುವರಿಸಿದ. ಆಕೆ ಮತ್ತೆ ಎದ್ದರು, ಮತ್ತೆ ತಮಟೆ. ಕೂತರು, ಮೌನ. ಜನರೆಲ್ಲ ಅಧ್ಯಕ್ಷರು ಎದ್ದೆದ್ದು ಕೂರುವುದನ್ನು ನೋಡಿ, "ಏನ್ ವಿನಯ ಕಣ್ಲಾ, ಗಂಡ ಮಾತಾಡೋವಾಗ ಕುಂತ್ಕಳಕ್ಕೇ ಒಪ್ಪಾಕಿಲ್ಲ" ಎಂದು ಮೆಚ್ಚಿಕೊಂಡರು.

ಮೂರನೇ ಸಲ ಎದ್ದವರು ಕೂರಲಿಲ್ಲ. ಕೂರುವ ಸ್ಥಿತಿ ದಾಟಿತ್ತು. ನನ್ನ ಕೈ ಹಿಡಿದುಕೊಂಡು ಮೆಟ್ಟಿಲಿಳಿದರು. ಅಪ್ಪಣೆಯಂತೆ ತಮಟೆ ಮುಂದೆ ಹಾರಿ ನಿಂತಿತು. ಅದರ ಹಿಂದೆ ವಾಲಗ, ನಂದಿಕಂಬ, ಪೂಜೆ ಹೊತ್ತವರು. ಹೆಡ್ಮಾಸ್ಟರು ಸನ್ನೆ ಮಾಡಿದರೆಂದು ಪೂರ್ಣಕುಂಭದ ಹುಡುಗಿಯರೂ ಸಾಲಾಗಿ ಬಂದರು. ಫೋಟೋ ತೆಗೆಯುವವನು ನಮ್ಮ ಎದುರಿಗೆ ಹಿಂದು ಹಿಂದಕ್ಕೆ ನಡೆಯುತ್ತ, "ಅಧ್ಯಕ್ಷ್ರೇ, ವಸಿ ನಗೀ" ಎನ್ನುತ್ತಿದ್ದ. ಎಲ್ಲಿಗೆ ಹೋಗುತ್ತಿದ್ದೇವೆ ಎಂದು ಒಬ್ಬರೂ ಕೇಳಲಿಲ್ಲ. ಮೆರವಣಿಗೆಯಲ್ಲಿ ಹಾಗೆ ಕೇಳುವ ಪದ್ಧತಿಯೇ ಇಲ್ಲ.

"ನೀವೆಲ್ಲಾ ಹಿಂದಕ್ಕ ಹೋಗ್ರೆಪ್ಪಾ" ಎಂದು ನಾನು ಕೂಗಿದೆ. ನನ್ನ ಧಾರವಾಡದ ಗಂಟಲು ಆ ತಮಟೆಯ ಮುಂದೆ ಯಾವ ಲೆಕ್ಕ. ಆಕೆ ಬೇಗ ಬೇಗ ನಡೆದರು, ತಮಟೆಯವರು ಗತಿ ಏರಿಸಿದರು. ಆಕೆ ಅರ್ಧ ಓಡಿದರು, ಪೂಜೆ ಹೊತ್ತವರು ಕುಣಿಯುತ್ತ ಓಡಿದರು. ಹೀಗೆ ಶಾಲೆಯನ್ನು ಬಳಸಿ, ಊರಿಗೆ ಊರೇ ಹೂವು ಎರಚುತ್ತ, ಲಂಟಾನ ಪೊದೆಯ ಮುಂದೆ ಹೋಗಿ ನಿಂತೆವು.

ಅಧ್ಯಕ್ಷರು ನಿಂತಲ್ಲಿ ಮೆರವಣಿಗೆ ನಿಂತು ತನ್ನ ಕಸುಬು ತೋರಿಸಬೇಕು. ನಂದಿಕಂಬದವನು ಹಲ್ಲಿನ ಮೇಲೆ ಕಂಬ ನಿಲ್ಲಿಸಿದ. ಯಾರೋ ಪೊದೆಯ ಮುಂದೆ ಕಾಯಿ ಒಡೆದರು. ಇಲ್ಲೇನೋ ಗುದ್ದಲಿ ಪೂಜೆ ಇರಬೇಕೆಂದು ಹೆಡ್ಮಾಸ್ಟರು ಗುದ್ದಲಿ ತರಲು ಜವಾನನನ್ನು ಓಡಿಸಿದರು. ಗಂಡ ಉದ್ದದ ವೈರಿನ ಮೈಕನ್ನು ಎಳೆದುಕೊಂಡು ಏದುಸಿರು ಬಿಡುತ್ತ ಬಂದು, "ಇದ್ಯಾಕಮ್ಮಿ ಇಲ್ಲಿಗ್ ಬಂದೆ?" ಎಂದ. ಆಕೆ ಕಿವಿಯಲ್ಲಿ ಹೇಳಿದರು. ಹೆಂಡತಿಯ ಪರವಾಗಿ ಎಲ್ಲ ಕೆಲಸವನ್ನೂ ಮಾಡುತ್ತಿದ್ದವನಿಗೆ ಮೊದಲ ಸಲ ತನ್ನ ಕೈಯಲ್ಲಾಗದ ಕೆಲಸವೊಂದು ಎದುರಾಯಿತು.

ಆಕೆ ಅವನ ಕೈಯಿಂದ ಮೈಕು ಕಿತ್ತುಕೊಂಡರು. ಆ ಪಂಚಾಯ್ತಿಯ ಅಧ್ಯಕ್ಷೆ ಬಾಯಿಬಿಟ್ಟದ್ದನ್ನು ಊರು ಕೇಳಿದ್ದು ಅದೇ ಮೊದಲು.

"ಈ ಜಾಗದಲ್ಲಿ ಹೆಣ್ಮಕ್ಳಿಗೆ ಕಕ್ಕಸ್ ಕಟ್ತೀವಿ" ಎಂದರು. ಮೊದಲನೇ ಅಧ್ಯಕ್ಷರು ಎತ್ತಬಾರದೆಂದಿದ್ದ ಆ ಮಾತನ್ನು ಶುಭದಿನದಲ್ಲಿ, ಮೈಕಿನಲ್ಲಿ, ಕಿರುಚಿ ಹೇಳಿದರು. "ನಾಳಿಕೇ ಪಾಯ ತೋಡ್ಬೇಕು. ಈಗ ಎಲ್ರೂ ಓಗಿ ಇಲ್ಲಿಂದ."

ಜನ ಚಪ್ಪಾಳೆ ತಟ್ಟಿದರು. ತಮಟೆ ಇನ್ನೂ ಜೋರಾಯಿತು. ಹೋಗುವುದೊಂದನ್ನು ಬಿಟ್ಟು ಎಲ್ಲ ಮಾಡಿದರು.

ಆಗ ನಮ್ಮ ಹುಡುಗಿಯರು ಕುಂಭಗಳನ್ನು ನೆಲದ ಮೇಲಿಟ್ಟರು. ಹೇಳಿಕೊಡುವವರು ಯಾರೂ ಬೇಕಿರಲಿಲ್ಲ, ದಿನಾ ಮಾಡುವ ಕೆಲಸ. ಪೊದೆಯ ಸುತ್ತ ಬೆನ್ನು ತಿರುಗಿಸಿ ನಿಂತು, ಅಮ್ಮಂದಿರ ರೇಷ್ಮೆ ಸೆರಗುಗಳನ್ನು ಒಬ್ಬರಿಂದೊಬ್ಬರಿಗೆ ಚಾಚಿ ಹಿಡಿದು ಗೋಡೆ ಮಾಡಿದರು. ಅಧ್ಯಕ್ಷರು ಅದರೊಳಗೆ ಹೋದರು. ನನ್ನ ಕಣ್ಣಲ್ಲಿ ನೀರು ಬಂತು. ತಮಟೆಯವನು ಮಾತ್ರ ನನ್ನ ಹತ್ತಿರ ಬಂದು ಪ್ರಾಮಾಣಿಕವಾಗಿ ಕೇಳಿದ: "ಮೇಡಮ್ಮೋರೇ, ಈಗ ಎದ್ದವ್ರೋ ಕುಂತವ್ರೋ? ಬಡ್ಯದಾ, ನಿಲ್ಸದಾ?"

ಮಾರನೆಯ ದಿನ ನಿಜವಾಗಿಯೂ ಪಾಯ ತೋಡಿದರು. ಆಕೆಯೇ ಕೊಡೆ ಹಿಡಿದು ನಿಂತಿದ್ದರು, ಯಾವ ಸನ್ಮಾನಕ್ಕೂ ಹೋಗಲಿಲ್ಲ. ಚಪ್ಪರದ ತೆಂಗಿನ ಗರಿ ಒಣಗುವುದರೊಳಗೆ ಗೋಡೆ ಎದ್ದಿತು, ಸೂರು ಬಂತು, ಬಾಗಿಲಿಗೆ ಒಳಗಿನಿಂದ ಚಿಲಕ ಬಂತು. ನನ್ನ ಕಣ್ಣಿಗೆ ಮೈಸೂರು ಅರಮನೆ ಅದರ ಮುಂದೆ ಏನೂ ಅಲ್ಲ.

ಉದ್ಘಾಟನೆಯ ದಿನ ಗಂಡ ಸುಮ್ಮನಿರುತ್ತಾನೆಯೇ. ಮತ್ತೆ ಕಮಾನು, ಮತ್ತೆ ಪೇಟ, ಮತ್ತೆ ಪೂರ್ಣಕುಂಭ. ಹಿಂದೆ ಬಿಸಿಲಿನಲ್ಲಿ ತೂರಾಡಿದ್ದ ಆ ಸಣ್ಣ ಹುಡುಗಿ ಈಗ ಹತ್ತನೇ ಕ್ಲಾಸು. ಸಾಲಿನಲ್ಲಿ ನಿಂತವಳು ನನ್ನ ಕಡೆ ನೋಡಿ, ಕಾಯಿ ತೆಗೆದು, ಕುಂಭವನ್ನು ಬಾಯಿಗೆ ಎತ್ತಿ ಗಟಗಟ ಕುಡಿದಳು. ಹೆಡ್ಮಾಸ್ಟರು ಗದರಿಸಲು ಹೋದರು, ನಾನು ಅಡ್ಡ ನಿಂತೆ.

ಬಾಗಿಲಿಗೆ ಕೆಂಪು ಟೇಪು ಕಟ್ಟಿತ್ತು. ಗಂಡ ತಟ್ಟೆಯಲ್ಲಿ ಕತ್ತರಿ ಹಿಡಿದು, "ಕತ್ತರ್ಸಮ್ಮಿ, ಒಳ್ಳೆ ಗಳಿಗೆ" ಎಂದ. ಪಕ್ಕದಲ್ಲಿ ತಮಟೆಯವರು ಕಡ್ಡಿ ಎತ್ತಿಕೊಂಡು, ಆಕೆಯ ಮೇಲೆಯೇ ಕಣ್ಣಿಟ್ಟು ಸಿದ್ಧವಾಗಿದ್ದರು.

ಅಧ್ಯಕ್ಷರು ಕತ್ತರಿ ಮುಟ್ಟಲಿಲ್ಲ. ಬಾಗಿಲನ್ನೊಮ್ಮೆ ನೋಡಿದರು, ತಮಟೆಯವರನ್ನೊಮ್ಮೆ ನೋಡಿದರು.

"ಟೇಪು ಆಮೇಕೆ" ಎಂದರು. "ಮೊದ್ಲು ಇವ್ರನ್ನ ಹಾರನಹಳ್ಳಿಗಂಟ ಬುಟ್ಬನ್ನಿ."